ಗುಣವಾಗಿ ಮನೆಗೆ ಬಂದವಳು: ‘ಶರಪಂಜರ’ ಚಿತ್ರವೂ ಅದರ ಪ್ರೇಕ್ಷಕರೂ

‘ಶರಪಂಜರ’ ಎಂಬ ಮಾತು ಭಾರತದ ಕಥೆಯನ್ನು ಕೇಳಿದವರಿಗೆ ಹೊಸದಲ್ಲ. ಖಾಂಡವವನವನ್ನು ಅಗ್ನಿಗೆ ಒಪ್ಪಿಸಿದ ಹೊತ್ತಿನಲ್ಲಿ ಇಂದ್ರನು ಮಳೆಗರೆದು ಉರಿಯನ್ನು ನಂದಿಸಲು ನೋಡುತ್ತಾನೆ. ಅರ್ಜುನನು ಬಾಣಕ್ಕೆ ಬಾಣವನ್ನು ಹೆಣೆದು ಕಾಡಿನ ಮೇಲೆ ಚಪ್ಪರವನ್ನೇ ಕಟ್ಟಿಬಿಡುತ್ತಾನೆ. ಒಂದು ಹನಿಯೂ ಕೆಳಗಿಳಿಯುವುದಿಲ್ಲ. ತರಗತಿಯಲ್ಲಿ ಈ ಪ್ರಸಂಗ ಬಂದಾಗ ನಾವು ಪಂಡಿತರು ಅರ್ಜುನನ ಬಿಲ್ಲುಗಾರಿಕೆಯನ್ನು ಬಣ್ಣಿಸಿ ಮುಂದಕ್ಕೆ ಹೋಗುತ್ತೇವೆ. ಆ ಪಂಜರದೊಳಗೆ ಸಿಕ್ಕಿಕೊಂಡ ಜೀವಗಳ ಪಾಡೇನಾಯಿತೆಂದು ಯಾವ ವಿದ್ಯಾರ್ಥಿಯೂ ಸಾಮಾನ್ಯವಾಗಿ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೊರಗಿನ ತಂಪು ಒಳಗೆ ಬಾರದು, ಒಳಗಿನ ಜೀವ ಹೊರಗೆ ಹೋಗದು. ಅದೇ ಶರಪಂಜರ.

ಆ ಪಂಜರದ ಒಳಗಿನಿಂದ ಕಥೆ ಹೇಳಿದವರು ತ್ರಿವೇಣಿಯವರು. ಅನಸೂಯಾ ಶಂಕರ್ ಎಂಬುದು ಅವರ ಹೆಸರು. 1928ರಲ್ಲಿ ಹುಟ್ಟಿ, ಬಿ.ಎಂ.ಶ್ರೀಯವರ ಮನೆತನದಲ್ಲಿ ಬೆಳೆದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದವರು. ಹೆಣ್ಣಿನ ಮನಸ್ಸಿನ ಬೇನೆಯನ್ನು ದೆವ್ವದ ಕಾಟವೆಂದಾಗಲಿ ಪೂರ್ವಜನ್ಮದ ಫಲವೆಂದಾಗಲಿ ತಳ್ಳಿಹಾಕದೆ, ಮೈಯ ಬೇನೆಯಂತೆಯೇ ಕಾರಣವುಳ್ಳದ್ದು, ಚಿಕಿತ್ಸೆಗೆ ಒಗ್ಗುವಂಥದು ಎಂದು ಕನ್ನಡದ ಗೃಹಿಣಿಯರಿಗೆ ಕಾದಂಬರಿಯ ಮೂಲಕ ತಿಳಿಯಹೇಳಿದವರಲ್ಲಿ ಅವರದು ದೊಡ್ಡ ಹೆಸರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ. ಬಾಣಂತಿಯ ಸಂಕಟವನ್ನು ಬರೆದ ಲೇಖನಿ ಬಾಣಂತನದಲ್ಲಿಯೇ ನಿಂತುಹೋಯಿತು.

ಅವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದರು. ಅದಕ್ಕೆ ಮೊದಲೇ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ಮಲೆಯಾಳದಲ್ಲಿಯೂ, ‘ಬೆಳ್ಳಿಮೋಡ’ವನ್ನು 1967ರಲ್ಲಿ ಕನ್ನಡದಲ್ಲಿಯೂ ಅವರು ಚಿತ್ರವಾಗಿಸಿದ್ದರು. ‘ಬೆಳ್ಳಿಮೋಡ’ದ ನಾಯಕಿಯಾಗಿದ್ದ ಕಲ್ಪನಾ ಅವರೇ ‘ಶರಪಂಜರ’ದ ಕಾವೇರಿ, ಗಂಡ ಸತೀಶನಾಗಿ ಗಂಗಾಧರ್, ಸಂಗೀತ ವಿಜಯಭಾಸ್ಕರ್ ಅವರದು. ಆ ವರ್ಷದ ಕನ್ನಡ ಚಿತ್ರಗಳಲ್ಲಿ ಶ್ರೇಷ್ಠವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರಮಂದಿರಗಳಲ್ಲಿ ಅದು ಓಡಿದ್ದು ವಾರಗಳ ಲೆಕ್ಕದಲ್ಲಲ್ಲ, ತಿಂಗಳುಗಳ ಲೆಕ್ಕದಲ್ಲಿ. ಹೊಡೆದಾಟವಿಲ್ಲ, ಸುಖಾಂತವಿಲ್ಲ, ಬುದ್ಧಿ ಕದಡಿದ ಹೆಂಗಸೊಬ್ಬಳ ಕಥೆ. ಅಂಥದಕ್ಕೆ ಜನ ಹೀಗೆ ಮುಗಿಬಿದ್ದುದು ಯಾತಕ್ಕೆ, ನೋಡಿ ಮನೆಗೆ ಹೋದಮೇಲೆ ಅವರು ಮಾಡಿದ್ದೇನು ಎಂಬ ಎರಡು ಪ್ರಶ್ನೆಗಳೇ ಈ ಲೇಖನದ ವಸ್ತು.

ಕಥೆಯನ್ನು ಬಲ್ಲವರೇ ಹೆಚ್ಚು. ಆದರೂ ಎಳೆಯ ಓದುಗರಿಗಾಗಿ ನಾಲ್ಕು ಮಾತು. ಕಾವೇರಿ ಚೆಲುವೆ, ಬುದ್ಧಿವಂತೆ, ಗಂಡನ ಒಲವಿಗೆ ಪಾತ್ರಳಾದ ಗೃಹಿಣಿ. ಹೆರಿಗೆಯ ಅನಂತರ ಆಕೆಗೆ ಚಿತ್ತಭ್ರಮೆಯುಂಟಾಗುತ್ತದೆ. ಆ ಕನವರಿಕೆಯಲ್ಲಿ ಮದುವೆಗೆ ಹಿಂದಿನ ಒಂದು ಕಹಿ ಸಂಗತಿಯೂ ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದು ಆಕೆ ಪೂರ್ಣವಾಗಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆ ಅವಳ ಪಾಲಿಗೆ ಮನೆಯಾಗಿ ಉಳಿದಿಲ್ಲ. ನೆರೆಹೊರೆಯವರ ಪಿಸುಮಾತು, ಮನೆಯವರ ಅಂಜಿಕೆ, ಗಂಡನ ಅಸಹ್ಯ, ಕೊನೆಗೆ ಅವನಿಗೊದಗಿದ ಪರಸ್ತ್ರೀಯ ನಂಟು. ಇವೆಲ್ಲ ಒಂದೊಂದು ಬಾಣವಾಗಿ ಅವಳ ಸುತ್ತ ನೆಡುತ್ತವೆ. ಅವಳು ನಕ್ಕರೆ ಸಂಶಯ, ಅತ್ತರೆ ಸಂಶಯ, ಸುಮ್ಮನಿದ್ದರೆ ಇನ್ನೂ ಸಂಶಯ. ರೋಗವನ್ನು ಗೆದ್ದು ಬಂದವಳು ಮನೆಯವರನ್ನು ಗೆಲ್ಲಲಾರದೆ, ಮತ್ತೆ ಚಿತ್ತ ಕದಡಿ ಆಸ್ಪತ್ರೆಗೇ ಹಿಂದಿರುಗುತ್ತಾಳೆ.

ಮನೋರೋಗದ ಚಿತ್ರಗಳು ಇದಕ್ಕೆ ಹಿಂದೆಯೂ ಇದ್ದವು. ಅಮೆರಿಕದಲ್ಲಿ 1948ರಲ್ಲಿ ‘ದಿ ಸ್ನೇಕ್ ಪಿಟ್’ ಎಂಬ ಚಿತ್ರ ಬಂದಿತ್ತು. ತಾನೇ ಅಂಥ ಆಸ್ಪತ್ರೆಯಲ್ಲಿದ್ದು ಹೊರಬಂದ ಮೇರಿ ಜೇನ್ ವಾರ್ಡ್ ಎಂಬಾಕೆಯ ಕಾದಂಬರಿ ಅದಕ್ಕೆ ಆಧಾರ. ಅಲ್ಲಿ ನಾಯಕಿ ಆಸ್ಪತ್ರೆಯ ನರಕವನ್ನು ದಾಟಿ, ಗುಣವಾಗಿ ಗಂಡನೊಡನೆ ಹೊರಡುತ್ತಾಳೆ, ಚಿತ್ರ ಮುಗಿಯುತ್ತದೆ. ಬಂಗಾಳಿಯಲ್ಲಿ 1959ರಲ್ಲಿ ಬಂದು, ತೆಲುಗಿನಲ್ಲಿಯೂ ಹಿಂದಿಯಲ್ಲಿಯೂ ಮತ್ತೆ ತಯಾರಾದ ‘ದೀಪ್ ಜ್ವೇಲೇ ಜಾಯ್’ ಚಿತ್ರದಲ್ಲಿ ರೋಗಿಗೆ ಒಲವನ್ನು ನಟಿಸಿ ಶುಶ್ರೂಷೆ ಮಾಡಿದ ದಾದಿಯೇ ಕಡೆಗೆ ಬುದ್ಧಿ ಕಳೆದುಕೊಳ್ಳುತ್ತಾಳೆ. ಎರಡರಲ್ಲಿಯೂ ಕಥೆಯ ರಂಗಸ್ಥಳ ಆಸ್ಪತ್ರೆ. ತ್ರಿವೇಣಿಯವರ ಹೆಚ್ಚುಗಾರಿಕೆ ಇರುವುದು ಇಲ್ಲಿ: ಬೇರೆಯವರು ಶುಭಂ ಎಂದು ತೆರೆ ಎಳೆಯುವ ಜಾಗದಿಂದ ಅವರ ಮುಖ್ಯ ಕಥೆ ಮೊದಲಾಗುತ್ತದೆ. ಹುಚ್ಚು ಹಿಡಿಯಿತು ಎಂಬುದು ಈ ಕಥೆಯಲ್ಲಿ ಅರ್ಧ ದುಃಖ. ಹುಚ್ಚು ಬಿಟ್ಟಿತು, ಆದರೆ ಅದನ್ನು ಯಾರೂ ನಂಬಲಿಲ್ಲ ಎಂಬುದು ಪೂರ್ತಿ ದುಃಖ.

ನಮ್ಮ ಅಲಂಕಾರಶಾಸ್ತ್ರದ ಕಣ್ಣಿನಿಂದ ನೋಡಿದರೆ ಪ್ರೇಕ್ಷಕರ ಕಣ್ಣೀರಿನ ಸ್ವರೂಪ ಸ್ವಲ್ಪ ತಿಳಿಯಾಗುತ್ತದೆ. ಲೋಕದಲ್ಲಿ ಶೋಕ ನೋವನ್ನು ಕೊಡುತ್ತದೆ. ಕಾವ್ಯನಾಟಕಗಳಲ್ಲಿ ಅದೇ ಶೋಕ ಕರುಣರಸವಾಗಿ ಆನಂದವನ್ನು ಕೊಡುತ್ತದೆ. ಇದು ಹೇಗೆಂದರೆ, ರಂಗದ ಮೇಲಿನ ದುಃಖ ನನ್ನದೂ ಅಲ್ಲ, ಪಕ್ಕದವನದೂ ಅಲ್ಲ, ಎಲ್ಲರಿಗೂ ಸಾಧಾರಣವಾದುದು. ಭಟ್ಟನಾಯಕನು ಇದನ್ನೇ ಸಾಧಾರಣೀಕರಣವೆಂದು ಕರೆದನು. ‘ನನ್ನದು’ ಎಂಬ ಭಾರ ಕಳಚಿದ್ದರಿಂದ ಹಗುರಾಗಿ ಅಳುತ್ತೇವೆ, ಹಗುರಾಗಿ ಏಳುತ್ತೇವೆ.

‘ಶರಪಂಜರ’ವನ್ನು ನೋಡಿದವರೂ ಹೀಗೆಯೇ ಅತ್ತರು. ಆದರೂ ಹಗುರಾಗಿ ಎದ್ದುಹೋಗುವುದು ಅಲ್ಲಿ ಅಷ್ಟು ಸುಲಭವಾಗಿರಲಿಲ್ಲ. ಯಾಕೆಂದರೆ ಈ ಕಥೆಯಲ್ಲಿ ಬೆರಳು ಮಾಡಿ ತೋರಿಸಬಹುದಾದ ದುಷ್ಟನೊಬ್ಬನಿಲ್ಲ. ಸತೀಶನು ದುರ್ಬಲ, ಸ್ವಾರ್ಥಿ, ಆದರೆ ರಾಕ್ಷಸನಲ್ಲ. ಪಿಸುಗುಟ್ಟುವ ನೆರೆಯವರು ನಮ್ಮ ನೆರೆಯವರಂತೆಯೇ ಇದ್ದಾರೆ. ಮಕ್ಕಳನ್ನು ಹತ್ತಿರ ಬಿಡಲು ಹೆದರುವವರು ಮಕ್ಕಳ ಹಿತಕ್ಕಾಗಿಯೇ ಹಾಗೆ ಮಾಡುತ್ತೇವೆಂದು ನಂಬಿದವರು. ಕಾವೇರಿಯನ್ನು ಕೊಂದವರಾರು ಎಂದು ಕೇಳಿದರೆ ಎಲ್ಲರೂ ಒಂದೊಂದು ಬಾಣವನ್ನು ಬಿಟ್ಟವರೇ, ಪಂಜರವನ್ನು ಕಟ್ಟಿದೆನೆಂದು ಒಪ್ಪುವವರು ಮಾತ್ರ ಒಬ್ಬರೂ ಇಲ್ಲ. ಹೀಗಾಗಿ ರಸಾನುಭವದಲ್ಲಿ ಕಳಚಿಹೋದ ‘ನನ್ನದು’ ಎಂಬ ಭಾರ ಚಿತ್ರ ಮುಗಿಯುವ ಹೊತ್ತಿಗೆ ಮತ್ತೆ ಹೆಗಲಿಗೆ ಬಂದು ಕೂರುತ್ತದೆ. ಚಿತ್ರ ನಮ್ಮನ್ನು ಕದಡುವುದು ಇದರಿಂದ.

ಈ ಭಾರವನ್ನು ಪ್ರೇಕ್ಷಕರು ಹೇಗೆ ಹೊತ್ತರು, ಹೇಗೆ ಇಳಿಸಿಕೊಂಡರು ಎಂಬುದನ್ನು ನಾನು ಕಂಡಷ್ಟರಮಟ್ಟಿಗೆ ಹೇಳುತ್ತೇನೆ. ನಮ್ಮೂರು ದೇವರಾಯಸಮುದ್ರ, ಕೋಲಾರ-ಮುಳಬಾಗಿಲುಗಳ ನಡುವೆ ಹೆದ್ದಾರಿಯ ಮೇಲಿದೆ. ಚಿತ್ರ ಹೊಸದಾಗಿ ಬಂದಾಗ ನಾನು ಎಳೆಗೂಸು; ನಮ್ಮ ತಾಯಿಯವರು ಕೋಲಾರಕ್ಕೆ ಹೋಗಿ ಎರಡು ಸಲ ನೋಡಿ ಬಂದಿದ್ದರಂತೆ. ನಾನು ನೋಡಿದ್ದು ಹತ್ತು ವರ್ಷದ ಮೇಲೆ, ಟೆಂಟು ಸಿನಿಮಾದಲ್ಲಿ, ಮರಳಿನ ಮೇಲೆ ಕುಳಿತು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳುತ್ತಿತ್ತು. ರೀಲು ಬದಲಾಯಿಸುವಾಗ ದೀಪ ಹತ್ತಿದರೆ ಎಲ್ಲರೂ ಸೆರಗಿನಲ್ಲಿ ಮುಖ ಒರಸಿಕೊಳ್ಳುತ್ತಿದ್ದರು; ಒಬ್ಬರ ಮುಖವನ್ನು ಒಬ್ಬರು ನೋಡುತ್ತಿರಲಿಲ್ಲ.

ನಮ್ಮದು ಗಡಿಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಸಂಸಾರಗಳು ಇಲ್ಲಿ ನೂರಾರು. ‘ಶರಪಂಜರ’ದ ಕಥೆಯೇ 1974ರಲ್ಲಿ ‘ಕೃಷ್ಣವೇಣಿ’ ಎಂಬ ಹೆಸರಿನಲ್ಲಿ ತೆಲುಗಿಗೆ ಹೋಯಿತು. ನಾಯಕಿಯಾಗಿ ವಾಣಿಶ್ರೀ ನಟಿಸಿದರು. ಕನ್ನಡದ ಕಾವೇರಿ ತೆಲುಗಿನಲ್ಲಿ ಕೃಷ್ಣೆಯಾದಳು. ನದಿ ಬದಲಾಯಿತು, ನೀರಿನ ಕಹಿ ಬದಲಾಗಲಿಲ್ಲ. ಎರಡನ್ನೂ ನೋಡಿದ ನಮ್ಮೂರಿನ ಹೆಂಗಸರು ಕಲ್ಪನಾ ಮೇಲೋ ವಾಣಿಶ್ರೀ ಮೇಲೋ ಎಂದು ಜಗುಲಿಯ ಮೇಲೆ ವಾದ ಮಾಡುತ್ತಿದ್ದುದು ನನಗೆ ನೆನಪಿದೆ.

ಭಾರವನ್ನು ಇಳಿಸಿಕೊಳ್ಳುವ ಮೊದಲನೆಯ ಬಗೆ ಇದೇ: ಕಥೆಯನ್ನು ನಟನೆಯ ಮಾತಾಗಿ ತಿರುಗಿಸುವುದು. ಅಭಿನಯದ ಸೊಗಸನ್ನು ಹೊಗಳುತ್ತಿದ್ದರೆ ಕಥೆ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾಗುವುದಿಲ್ಲ. ಎರಡನೆಯ ಬಗೆ, ಉಡಿಗೆತೊಡಿಗೆ. ಕಲ್ಪನಾ ಅವರ ಸೀರೆ, ರವಿಕೆ, ಆಭರಣಗಳನ್ನು ಹೆಣ್ಣುಮಕ್ಕಳು ಅನುಕರಿಸಿದರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾವೇರಿಯ ಸೆರಗು ನಮಗೆ ಬಂದಷ್ಟು ಬೇಗ ಅವಳ ಸಂಕಟ ಬರಲಿಲ್ಲ. ಮೂರನೆಯ ಬಗೆ ನಾಚಿಕೆಗೇಡಿನದು. ಟೆಂಟಿನಿಂದ ಹಿಂದಿರುಗುವ ದಾರಿಯಲ್ಲಿ ನಾವು ಹುಡುಗರು ಕಾವೇರಿಯ ನಗೆಯನ್ನು ಅಣಕಿಸಿದೆವು. ಮಾರನೆಯ ವಾರ ಶಾಲೆಯಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತನಾಡಿದ ಹುಡುಗಿಗೆ ‘ಶರಪಂಜರ’ ಎಂದು ಅಡ್ಡಹೆಸರಿಟ್ಟೆವು. ಹೆಸರಿಟ್ಟವರಲ್ಲಿ ನಾನೂ ಒಬ್ಬ. ಹುಚ್ಚಿಯೆಂದು ಕರೆಯಬಾರದೆಂದು ಹೇಳುವುದಕ್ಕೆ ಮಾಡಿದ ಚಿತ್ರದಿಂದಲೇ ಹುಚ್ಚಿಯೆನ್ನಲು ಹೊಸದೊಂದು ಮಾತನ್ನು ಸಂಪಾದಿಸಿಕೊಂಡಿದ್ದೆವು! ಆ ನಟಿಯನ್ನೂ ಜನ ಸುಮ್ಮನೆ ಬಿಡಲಿಲ್ಲ. 1979ರಲ್ಲಿ ಕಲ್ಪನಾ ಅವರು ಅಕಾಲದಲ್ಲಿ ತೀರಿಕೊಂಡಾಗ ಪಾತ್ರಕ್ಕೂ ಬಾಳಿಗೂ ಗಂಟುಹಾಕಿ ಮಾತನಾಡಿದವರು ಉಂಟು.

ಇನ್ನು ದೊಡ್ಡವರ ವಿಷಯ. ಇಲ್ಲಿ ನನ್ನ ಮನೆಯ ಸಂಗತಿಯನ್ನೇ ಹೇಳಬೇಕಾಗಿದೆ.

ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಬೀದಿಯ ಸೊಸೆಯೊಬ್ಬಳು ಬಾಣಂತನದಲ್ಲಿ ಬುದ್ಧಿ ಕದಡಿ ಬೆಂಗಳೂರಿನ ಆಸ್ಪತ್ರೆಗೆ ಸೇರಿದಳು. ಎರಡು ತಿಂಗಳಲ್ಲಿ ಗುಣವಾಗಿ ಬಂದಳು. ಮೊದಲಿನಿಂದಲೂ ನಮ್ಮ ಮನೆಗೆ ಬಳಕೆಯಾಗಿದ್ದವಳು; ಅಡುಗೆಮನೆಗೆ ನೇರವಾಗಿ ಬಂದು ಕೂರುವಷ್ಟು ಸಲಿಗೆ. ಒಂದು ಬೆಳಗ್ಗೆ ಮಗುವನ್ನು ಎತ್ತಿಕೊಂಡು ಬಂದಳು. ತಾಯಿಯವರು ಬದನೆಕಾಯಿ ಹೆಚ್ಚುತ್ತಿದ್ದರು. ಮಗುವನ್ನು ಚಾಪೆಯ ಮೇಲೆ ಮಲಗಿಸಿ, “ಕೊಡಿ ದೊಡ್ಡಮ್ಮ, ನಾನು ಹೆಚ್ಚಿಕೊಡ್ತೀನಿ” ಎಂದು ಈಳಿಗೆಮಣೆಯ ಕಡೆಗೆ ಕೈ ನೀಡಿದಳು. ತಾಯಿಯವರು ಏನೂ ಅನ್ನಲಿಲ್ಲ. “ಇರಲಿ ಕಣಮ್ಮ, ಆಯ್ತು” ಎಂದು ಈಳಿಗೆಮಣೆಯನ್ನು ಮೆಲ್ಲಗೆ ತಮ್ಮ ಬೆನ್ನ ಹಿಂದಕ್ಕೆ ಸರಿಸಿದರು. ಬದನೆಕಾಯಿ ಅರ್ಧಕ್ಕರ್ಧ ಇನ್ನೂ ಮೊರದಲ್ಲಿಯೇ ಇತ್ತು. ಅವಳು ಅದನ್ನೊಮ್ಮೆ ನೋಡಿದಳು. ನಕ್ಕು, “ಹೆಚ್ಚೋದು ಮರೆತಿಲ್ಲ ದೊಡ್ಡಮ್ಮ” ಎಂದಳು. ಸ್ವಲ್ಪ ಹೊತ್ತು ಕುಳಿತಿದ್ದು ಮಗುವನ್ನು ಎತ್ತಿಕೊಂಡು ಹೋದಳು. ನಡುಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ನಾನು ಎಲ್ಲವನ್ನೂ ಕಂಡೆ. ತಾಯಿಗೆ ಒಂದು ಮಾತು ಹೇಳಬಹುದಾಗಿತ್ತು. ಅವಳಿಗಾದರೂ ಒಂದು ಮಾತು ಹೇಳಬಹುದಾಗಿತ್ತು. ಪತ್ರಿಕೆಯ ಪುಟವನ್ನು ಮಗುಚಿದೆ.

ಅವಳು ಆಮೇಲೆ ನಮ್ಮ ಅಡುಗೆಮನೆಗೆ ಬರಲಿಲ್ಲ. ಎದುರು ಸಿಕ್ಕರೆ ಮಾತನಾಡಿಸುತ್ತಿದ್ದಳು, ಅಷ್ಟೆ. ಕೆಲವು ವರ್ಷಗಳಲ್ಲಿ ಆ ಸಂಸಾರ ಊರು ಬಿಟ್ಟಿತು. ತಾಯಿಯವರು ಮುದುಕಿಯಾಗಿ ಮೂಲೆ ಹಿಡಿದ ಮೇಲೆ ಒಂದು ದಿನ ರೇಡಿಯೋದಲ್ಲಿ ಆ ಚಿತ್ರದ ಹಾಡು ಬಂತು. ಕೇಳಿ ಸುಮ್ಮನಿದ್ದವರು ತಟ್ಟನೆ, “ಎರಡು ಸಲ ನೋಡಿ ಅತ್ತಿದ್ನಲ್ಲೋ ನಾನು. ಆ ಹುಡುಗಿ ಕೈಗೆ ಈಳಿಗೆಮಣೆ ಕೊಟ್ಟುಬಿಡಬೇಕಾಗಿತ್ತು ಕಣೋ” ಎಂದರು. ನಾನು ಏನು ತಾನೆ ಹೇಳಲಿ? ಅವರು ಸರಿಸಿದ್ದನ್ನು ನೋಡುತ್ತ ಕುಳಿತವನು ನಾನು.

ನಮ್ಮ ತಾಯಿ ಕಟುಕಿಯಲ್ಲ. ಅವರಿಗಿದ್ದುದು ಅಂಜಿಕೆ, ಅಂಜಿಕೆಗೆ ಮೂಲ ಅಜ್ಞಾನ. ಆದಕಾರಣ ಈ ರೋಗದ ವಿಷಯದಲ್ಲಿ ವೈದ್ಯಶಾಸ್ತ್ರವು ಹೇಳುವುದನ್ನು ಸಂಗ್ರಹವಾಗಿ ತಿಳಿಸುವುದು ಅವಶ್ಯ. ನಮ್ಮ ಹಿರಿಯರು ಇದನ್ನು ‘ಬಾಣಂತಿ ಸನ್ನಿ’ ಎಂದು ಕರೆದು, ಶೀತಗಾಳಿಯಿಂದಲೋ ದೃಷ್ಟಿದೋಷದಿಂದಲೋ ಬಂದುದೆಂದು ಭಾವಿಸುತ್ತಿದ್ದರು. ಹೆತ್ತ ತಾಯಂದಿರಲ್ಲಿ ಬಹುಮಂದಿಗೆ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದುಂಟು. ಅದು ತಾನಾಗಿಯೇ ಹೋಗುತ್ತದೆ. ವಾರಗಟ್ಟಲೆ ಉಳಿಯುವ ಖಿನ್ನತೆ ಬೇರೆ. ಅದಕ್ಕೆ ವೈದ್ಯರ ಸಲಹೆ ಬೇಕು. ಕಾವೇರಿಗೆ ಬಂದಂಥ ಚಿತ್ತಭ್ರಮೆ ಇವೆರಡಕ್ಕಿಂತಲೂ ಅಪರೂಪ: ಸಾವಿರ ಹೆರಿಗೆಗಳಲ್ಲಿ ಒಂದು ಅಥವಾ ಎರಡರಲ್ಲಿ ಕಾಣಿಸುವಂಥದು. ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರದೊಳಗೆ ಮೊದಲಾಗುತ್ತದೆ. ನಿದ್ದೆ ಹತ್ತುವುದಿಲ್ಲ, ಮಾತು ತಾಳ ತಪ್ಪುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಮಗುವಿನ ವಿಷಯದಲ್ಲಿ ವಿಪರೀತ ಭಯ, ಸಂಶಯಗಳು ಹುಟ್ಟುತ್ತವೆ. ಹೆರಿಗೆಯ ಅನಂತರ ದೇಹದ ಗ್ರಂಥಿರಸಗಳಲ್ಲಿ ಆಗುವ ಹಠಾತ್ ಬದಲಾವಣೆ, ನಿದ್ರಾಭಂಗ, ವಂಶದಲ್ಲಿ ಬಂದ ಒಲವು, ಇವೆಲ್ಲ ಅದಕ್ಕೆ ಕಾರಣಗಳೆಂದು ತಿಳಿದಿದೆ. ಆ ಹೊತ್ತಿನಲ್ಲಿ ತಾಯಿಗೂ ಮಗುವಿಗೂ ಅಪಾಯವುಂಟು. ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಮಂತ್ರವಾದಿಯ ಮನೆಗಲ್ಲ. ಸರಿಯಾದ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ವಾರಗಳಲ್ಲಿ ಅಥವಾ ಕೆಲವು ತಿಂಗಳುಗಳಲ್ಲಿ ಪೂರ್ಣವಾಗಿ ಗುಣಹೊಂದುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಇರುವುದರಿಂದ ಬಸುರಿನಲ್ಲಿಯೇ ವೈದ್ಯರಿಗೆ ತಿಳಿಸಿರಬೇಕು. ಆದರೆ ಗುಣವಾದ ತಾಯಿ ಗುಣವಾದವಳೇ. ಮಲೇರಿಯ ಬಿಟ್ಟವಳನ್ನು ನಾವು ಯಾವಾಗಲೂ ರೋಗಿಯೆಂದು ಕಾಣುವುದಿಲ್ಲ ತಾನೆ?

ಚಿಕಿತ್ಸೆಯ ಅನುಕೂಲಗಳೂ ತ್ರಿವೇಣಿಯವರ ಕಾಲಕ್ಕಿಂತ ಎಷ್ಟೋ ಬೆಳೆದಿವೆ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದಿಂದಲೂ ಮಾನಸಿಕ ಆಸ್ಪತ್ರೆಯಿತ್ತು. ಅದರ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ ಅಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಇಂಥ ರೋಗಿಗಳು ಘನತೆಯಿಂದ ಬಾಳುವುದನ್ನು ಅವರ ಹಕ್ಕೆಂದು ಸಾರಿದೆ. 2022ರಲ್ಲಿ ಮೊದಲಾದ ‘ಟೆಲಿ-ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಆಸ್ಪತ್ರೆ ತನ್ನ ಕೆಲಸವನ್ನು ಕಲಿತಿದೆ, ಕಾಯಿದೆಯೂ ತಕ್ಕಮಟ್ಟಿಗೆ ಕಲಿತಿದೆ. ಕಲಿಯಬೇಕಾಗಿ ಉಳಿದಿರುವುದು ಅಡುಗೆಮನೆ, ಜಗುಲಿ, ನಲ್ಲಿಕಟ್ಟೆ.

ನಮ್ಮೂರಿಗೆ ಸಮೀಪದಲ್ಲಿಯೇ ಆವಣಿ ಎಂಬ ಕ್ಷೇತ್ರವಿದೆ. ರಾಮನು ಬಿಟ್ಟ ಸೀತೆ ವಾಲ್ಮೀಕಿಯ ಆಶ್ರಯದಲ್ಲಿ ಅಲ್ಲಿಯೇ ಇದ್ದಳೆಂದೂ ಲವಕುಶರನ್ನು ಅಲ್ಲಿಯೇ ಹೆತ್ತಳೆಂದೂ ಈ ಸೀಮೆಯ ನಂಬಿಕೆ. ಬೆಟ್ಟದ ಮೇಲೆ ಸೀತೆಗೆ ಗುಡಿಯಿದೆ. ‘ಶರಪಂಜರ’ದಲ್ಲಿಯೂ ವನವಾಸದಿಂದ ಮರಳಿದ ಸೀತೆಯ ಮೇಲೆ ಒಂದು ಹಾಡಿದೆ. ಈ ಹೋಲಿಕೆ ಆಲೋಚಿಸಿದಷ್ಟೂ ಆಳವಾಗುತ್ತದೆ. ಲಂಕೆಯಿಂದ ಬಂದವಳು ಬೆಂಕಿಯನ್ನು ಹೊಕ್ಕು ಹೊರಬಂದಳು, ಪರೀಕ್ಷೆಯಲ್ಲಿ ಗೆದ್ದಳು. ಗೆದ್ದ ಮೇಲೆಯೂ ಊರಿನ ಒಂದು ಮಾತು ಬಸುರಿಯನ್ನು ಕಾಡಿಗೆ ಕಳುಹಿಸಿತು. ಕಾವೇರಿಗೂ ಹಾಗೆಯೇ ಆಯಿತು: ವೈದ್ಯರು ಗುಣವಾಯಿತೆಂದು ಬರೆದುಕೊಟ್ಟದ್ದನ್ನು ಬೀದಿ ಒಪ್ಪಲಿಲ್ಲ. ಶಿವರಾತ್ರಿಯಲ್ಲಿ ಆವಣಿಯ ಬೆಟ್ಟ ಹತ್ತಿ ಸೀತಮ್ಮನಿಗೆ ಕೈಮುಗಿಯುವ ನಾವೆಲ್ಲ, ಆ ತಾಯಿಯನ್ನು ಅಲ್ಲಿಗೆ ಅಟ್ಟಿದ ಊರಿನ ಬಾಯಿಯೂ ನಮ್ಮಲ್ಲಿಯೇ ಇದೆ ಎಂಬುದನ್ನು ನೆನೆಯುವುದು ಕಡಿಮೆ.

ಒಂದು ಚಿತ್ರ ಊರನ್ನು ತಿದ್ದೀತೆಂದು ಹೇಳುವಷ್ಟು ಭೋಳೆತನ ನನಗಿಲ್ಲ. ಐವತ್ತು ವರ್ಷಕ್ಕೆ ಮೀರಿ ಜನ ‘ಶರಪಂಜರ’ವನ್ನು ನೋಡುತ್ತಿದ್ದಾರೆ, ಅಳುತ್ತಿದ್ದಾರೆ; ಆಸ್ಪತ್ರೆಯಿಂದ ಬಂದವರ ಹಿಂದೆ ಪಿಸುಮಾತೂ ನಡೆದೇ ಇದೆ. ಹೀಗೆಂದ ಮಾತ್ರಕ್ಕೆ ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ನಮ್ಮ ತಾಯಿ ಅತ್ತದ್ದು ನಿಜವಾಗಿತ್ತು. ಅದು ಅವರ ಕೈಯವರೆಗೆ ಇಳಿದು ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಅಷ್ಟರಲ್ಲಿ ಹೊತ್ತು ಮೀರಿತ್ತು. ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ. ನಿಮ್ಮ ಬೀದಿಯಲ್ಲಿಯೂ ಅಂಥ ಒಬ್ಬ ಹೆಣ್ಣುಮಗಳು ಗುಣವಾಗಿ ಬಂದಿರಬಹುದು. ಅವಳನ್ನು ಕಂಡು ಮರುಗುವುದು ಬೇಡ, ‘ಹೇಗಿದ್ದೀಯೆ’ ಎಂದು ದನಿ ತಗ್ಗಿಸಿ ಕೇಳುವುದೂ ಬೇಡ. ಹಬ್ಬದ ಅಡುಗೆಗೆ ಕರೆಯಿರಿ. ಈಳಿಗೆಮಣೆಯನ್ನು ಅವಳ ಮುಂದಿಟ್ಟು, ತರಕಾರಿಯ ಮೊರವನ್ನು ಅವಳ ಕಡೆಗೆ ಸರಿಸಿ, ನಿಮ್ಮ ಕೆಲಸವನ್ನು ನೀವು ನೋಡಿಕೊಳ್ಳಿ.